ಕಾರ್ ಇಂಜಿನ್ ಹಾಕಿದ ಸಣ್ಣ ವಿಮಾನ ಎಷ್ಟು ನಂಬಬಹುದು? ಅನುಭವ ಇರೋರು ದಯವಿಟ್ಟು ಹೇಳಿ

ಮೈಸೂರು_ಟು_ಡೇಟನ್

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವನು, ಒಂಬತ್ತು ವರ್ಷದಿಂದ ಒಹಾಯೋದ ಡೇಟನ್ ಹತ್ರ ಇದೀನಿ. ರೈಟ್ ಅಣ್ಣತಮ್ಮಂದಿರ ಊರು ಅಲ್ವಾ, ಇಲ್ಲಿಗೆ ಬಂದ ಮೇಲೆ ವಿಮಾನದ ಹುಚ್ಚು ಹತ್ತಿ ಲೈಸೆನ್ಸ್ ತಗೊಂಡು ಮೂರು ವರ್ಷದ ಹಿಂದೆ ಝೆನಿತ್ ಸಿಎಚ್ 750 ಅನ್ನೋ ಎರಡು ಸೀಟಿನ ಸಣ್ಣ ವಿಮಾನದ ಕಿಟ್ ತಂದು ಮನೆ ಗ್ಯಾರೇಜಲ್ಲೇ ಕಟ್ತಾ ಇದೀನಿ. ಬಾಲ ಮುಗೀತು, ರೆಕ್ಕೆ ಎರಡೂ ಮುಗೀತು, ಬಾಡಿ ಮುಕ್ಕಾಲು ಆಗಿದೆ, ಈಗ ಇಂಜಿನ್ ಹತ್ರ ಬಂದು ನಿಂತ್ಬಿಟ್ಟಿದೀನಿ.

ಸಣ್ಣ ವಿಮಾನಕ್ಕಂತಲೇ ಮಾಡೋ ರೋಟ್ಯಾಕ್ಸ್ 912 ಇಂಜಿನ್ ಹೊಸದು ತಗೊಳ್ಳೋಕೆ ಹೋದ್ರೆ ಇಪ್ಪತ್ತು ಸಾವಿರ ಡಾಲರ್ ದಾಟುತ್ತೆ. ಅದಕ್ಕಿಂತ ತುಂಬಾ ಕಮ್ಮಿಗೆ ಕಾರ್ ಇಂಜಿನ್ ಮಾರ್ಪಾಡು ಮಾಡಿದ್ದು ಸಿಗುತ್ತೆ, ಹೋಂಡಾ ಫಿಟ್‌ದು ಇದೆ, ಹಳೇ ಷೆವರ್ಲೆ ಕಾರ್ವೇರ್‌ದು ಇದೆ, ಸುಬಾರು ಇದೆ, ಫೋಕ್ಸ್‌ವ್ಯಾಗನ್ ಬೀಟಲ್‌ದು ಇದೆ. ನನ್ನ ಕಾರೂ ಹೋಂಡಾನೇ, ಎರಡು ಲಕ್ಷ ಕಿಲೋಮೀಟರ್ ಓಡಿದೆ, ಒಂದು ದಿನ ಕೈ ಕೊಟ್ಟಿಲ್ಲ. ಹಂಗಿದ್ದ ಮೇಲೆ ಅದೇ ಇಂಜಿನ್ ವಿಮಾನಕ್ಕೆ ಹಾಕಿದ್ರೆ ಯಾಕೆ ಎಲ್ಲರೂ ಮುಖ ಸಿಂಡರಿಸ್ತಾರೆ ಅಂತ ನಂಗೆ ನಿಜವಾಗ್ಲೂ ಅರ್ಥ ಆಗ್ತಿಲ್ಲ. ಆರು ತಿಂಗಳಿಂದ ಓದ್ತಾ ಇದೀನಿ, ಅರ್ಧ ಜನ ಸೂಪರ್ ಅಂತಾರೆ ಅರ್ಧ ಜನ ಸಾಯ್ತೀಯ ಅಂತಾರೆ. ಮೈಸೂರಲ್ಲಿ ಅಪ್ಪಂಗೆ ಫೋನಲ್ಲಿ ಹೇಳಿದೆ, "ಕಾರು ಕೆಟ್ರೆ ರೋಡ್ ಸೈಡಿಗೆ ಹಾಕ್ತೀಯ, ಅದನ್ನ ಎಲ್ಲಿ ಹಾಕ್ತೀಯೋ" ಅಂದ್ರು, ಆಮೇಲೆ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ.

ಹನ್ನೆರಡು ವರ್ಷದ ಮಗ ಇದಾನೆ, ರಿವೆಟ್ ಹೊಡೆಯೋಕೆ ಜೊತೆಗೆ ನಿಂತಿರ್ತಾನೆ, ನಾಳೆ ಪಕ್ಕದ ಸೀಟಲ್ಲಿ ಕೂರೋನೂ ಅವನೇ. ಅದಕ್ಕೇ ಕೇಳ್ತಿರೋದು, ಈ ಇಂಜಿನ್‌ಗಳು ನಿಲ್ಲೋದು ಯಾಕೆ, ಎಲ್ಲಿ ಕೆಡುತ್ತೆ, ಕೈಯಾರೆ ಕೆಲಸ ಮಾಡಿರೋರು ಹೇಳಿ.

---

ಹುಬ್ಬಳ್ಳಿ_ಏರ್_ಮೆಕ್ಯಾನಿಕ್

ನಮಸ್ಕಾರ್ರೀ. ನಾ ಹುಬ್ಬಳ್ಳಿಯಾಂವ, ಈಗ ಟೆಕ್ಸಾಸ್‌ನ್ಯಾಗ ಲೈಸೆನ್ಸ್ ಇರೋ ವಿಮಾನ ಮೆಕ್ಯಾನಿಕ್, ಹದಿನಾಲ್ಕು ವರ್ಷ ಆತು. ಮನ್ಯಾಗ ಕಟ್ಟಿದ ವಿಮಾನ ಬಾಳ ಬರ್ತಾವ ನಮ್ಮ ಕಡೆ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲನೇ ಮಾತು, ನಿಮ್ಮ ಹೋಂಡಾ ಇಂಜಿನ್ ಒಳಗಿನ ಪಿಸ್ಟನ್, ಕ್ರ್ಯಾಂಕ್ (ತಿರುಗೂ ಮುಖ್ಯ ಶಾಫ್ಟ್), ವಾಲ್ವ್ ಬಗ್ಗೆ ನಂಗ ಅಷ್ಟು ಚಿಂತಿ ಇಲ್ಲ. ಅವು ಗಟ್ಟಿ ಅದಾವ. ನಾ ಕಂಡಂಗ ಕಾರ್ ಇಂಜಿನ್ ವಿಮಾನ ಹೊಲಕ್ಕ ಇಳಿದಾಗೆಲ್ಲ ಬಾನೆಟ್ ತಗದು ನೋಡಿದ್ರ ಇಂಜಿನ್ ಚಂದ ಇರ್ತದ, ಅದರ ಸುತ್ತ ನಾವು ಜೋಡಿಸಿದ್ದು ಕೆಟ್ಟಿರ್ತದ. ಪೆಟ್ರೋಲ್ ಪೈಪ್, ಪಂಪ್, ವೈರಿಂಗ್, ರೇಡಿಯೇಟರ್ ಹೋಸ್, ಪ್ರೊಪೆಲರ್ ನಿಧಾನ ತಿರುಗಿಸೂ ಗೇರ್‌ಬಾಕ್ಸ್. ಹೋಂಡಾ ಕಂಪನಿ ಆ ಇಂಜಿನ್ನ ಕಾರಿಗೆ ಕೂಡಸೂದಕ್ಕ ವರ್ಷಗಟ್ಟಲೆ ಟೆಸ್ಟ್ ಮಾಡಿರ್ತದ. ನೀವು ಆ ಇಂಜಿನ್ ಕಿತ್ತು ತಂದು ಬ್ಯಾರೆ ಕಡೆ ಕೂಡಸಿದ್ರಿ ಅಂದ್ರ ಇಂಜಿನ್ ಅಷ್ಟೇ ಬಂತು, ಆ ಟೆಸ್ಟಿಂಗ್ ನಿಮ್ಮ ಜೋಡಿ ಬರಲಿಲ್ಲ. ಎರಡು ಲಕ್ಷ ಕಿಲೋಮೀಟರ್ ಓಡಿದ್ದು ಇಡೀ ಕಾರು ರೀ, ಬರೇ ಇಂಜಿನ್ ಅಲ್ಲ.

ಎರಡು ವರ್ಷದ ಹಿಂದಿನ ಮಾತು, ನಮ್ಮ ಏರ್‌ಫೀಲ್ಡ್‌ನ್ಯಾಗ ಒಬ್ಬರು ಹಿರಿಯರು, ಬಾಳ ಶಿಸ್ತಿನ ಮನುಷ್ಯಾ, ಕಾರ್ ಇಂಜಿನ್ ಹಾಕಿ ಛಲೋ ವಿಮಾನ ಕಟ್ಟಿದ್ರು. ಎರಡು ಪೆಟ್ರೋಲ್ ಪಂಪ್ ಇಟ್ಟಿದ್ರು, ಒಂದು ಕೆಟ್ರ ಇನ್ನೊಂದು ಇರಲಿ ಅಂತ. ಆದ್ರ ಎರಡಕ್ಕೂ ಕರೆಂಟ್ ಬರೂದು ಒಂದೇ ವೈರಿನಿಂದ, ಆ ವೈರಿನ ತುದಿಯೊಳಗ ಕ್ರಿಂಪ್, ಅಂದ್ರ ಒತ್ತಿ ಕೂಡಿಸಿದ ಲೋಹದ ಕೊಂಡಿ, ಸಡಲಾತು. ಆರುನೂರು ಅಡಿ ಮ್ಯಾಲೆ ಎರಡೂ ಪಂಪ್ ಒಂದೇ ಸಲ ಬಂದ್. ಹೊಲದಾಗ ಇಳಿಸಿದ್ರು, ಅವರಿಗೆ ಏನೂ ಆಗಲಿಲ್ಲ, ವಿಮಾನ ಹೋತು. ನಾನೇ ಆ ವೈರ್ ಕೈಯಾಗ ಹಿಡದು ನೋಡೀನಿ, ಬೆರಳಿನಿಂದ ಎಳದ್ರ ಹೊರಗ ಬಂತು. ಆ ವಿಮಾನ ಮೊದಲ ಸಲ ತಪಾಸಣಿಗೆ ಬಂದಾಗ ಆ ಕನೆಕ್ಷನ್ ನಾನೂ ನೋಡಿದ್ದೆ, ಎಳದು ನೋಡಿರಲಿಲ್ಲ. ಅವತ್ತಿನಿಂದ ಯಾರ ವಿಮಾನ ಬಂದ್ರೂ ಪ್ರತಿ ವೈರ್ ಎಳದು ನೋಡ್ತೀನಿ.

ವಿಮಾನಕ್ಕಂತನ ಮಾಡಿದ ಹಳೇ ಲೈಕಮಿಂಗ್ ಇಂಜಿನ್ ನೋಡ್ರಿ, ಕಿಡಿ ಹುಟ್ಟಿಸೂ ಮ್ಯಾಗ್ನೆಟೋ ಎರಡು ಇರ್ತಾವ, ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್. ಬ್ಯಾಟರಿ ಸತ್ರೂ ಆಲ್ಟರ್ನೇಟರ್ ಸತ್ರೂ ಅದು ತನ್ನ ಕಿಡಿ ತಾನೇ ಹುಟ್ಟಿಸಿಕೊಂಡು ತಿರುಗ್ತನ ಇರ್ತದ. ಈಗಿನ ಕಾರ್ ಇಂಜಿನ್‌ಗೆ ಕರೆಂಟ್ ಹೋತು ಅಂದ್ರ ಎಲ್ಲಾ ಹೋತು, ಕಿಡಿನೂ ಹೋತು ಪೆಟ್ರೋಲೂ ಹೋತು. ಇನ್ನೊಂದು, ಕಾರಿನ ಕಂಪ್ಯೂಟರ್ ಇಂಜಿನ್ ಉಳಿಸೂ ಹಂಗ ಬುದ್ಧಿ ಹೇಳಿಸಿಕೊಂಡಿರ್ತದ, ಏನಾರ ಸೆನ್ಸರ್ ತಪ್ಪು ತೋರಿಸಿದ್ರ ಪವರ್ ಕಡಿಮಿ ಮಾಡಿ ಮೆಲ್ಲಕ ಮನಿಗೆ ಹೋಗು ಅಂತದ. ಟೇಕಾಫ್ ಆಗಿ ಗಿಡದ ಮ್ಯಾಲೆ ಇರೂವಾಗ ಇಂಜಿನ್ ಸುಟ್ಟು ಹೋದ್ರೂ ಅಡ್ಡಿ ಇಲ್ಲ, ಇನ್ನೆರಡು ನಿಮಿಷ ಪವರ್ ಬೇಕು. ಅದಕ್ಕ ವಿಮಾನಕ್ಕಂತ ಬರದ ಕಂಪ್ಯೂಟರ್ ಇರೋ ಮಾರ್ಪಾಡೇ ತಗೋರಿ, ಕಾರಿಂದೇ ಹಾಕಬ್ಯಾಡ್ರಿ.

---

ಬೋರಿಂಗ್_ದಾವಣಗೆರೆ

ನಾನು ವಿಮಾನ ಹತ್ತಿದ್ದೇ ಎರಡು ಸಲ, ಅದೂ ಪ್ಯಾಸೆಂಜರ್ ಆಗಿ. ಆದ್ರೆ ಇಂಜಿನ್ ಬಿಚ್ಚಿ ಕಟ್ಟೋದು ನಮ್ಮ ತಂದೆ ಕಾಲದಿಂದ ಮಾಡ್ತಾ ಬಂದಿದೀವಿ, ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲ, ಅದಕ್ಕೇ ಒಂದು ಮಾತು ಹೇಳ್ಬೇಕು ಅನ್ಸಿತು.

ಕಾರು ಹೈವೇನಲ್ಲಿ ನೂರರಲ್ಲಿ ಹೋಗ್ತಿದೆ ಅಂದ್ರೆ ಇಪ್ಪತ್ತು ಇಪ್ಪತ್ತೈದು ಎಚ್‌ಪಿ ಸಾಕು ಕಣ್ರಿ. ನೂರು ಎಚ್‌ಪಿ ಅಂತ ಬ್ರೋಷರ್‌ನಲ್ಲಿ ಹಾಕಿರೋದು ಓವರ್‌ಟೇಕ್ ಮಾಡುವಾಗ ಹತ್ತು ಸೆಕೆಂಡು ಬಳಸೋದಷ್ಟೇ. ವಿಮಾನದಲ್ಲಿ ಏರೋವಾಗ ಪೂರ್ತಿ, ಆಮೇಲೆ ಗಂಟೆಗಟ್ಟಲೆ ಮುಕ್ಕಾಲು ಪವರ್ ಅಂತ ಕೇಳಿದೀನಿ. ಅಂದ್ರೆ ಆಗುಂಬೆ ಘಾಟಿಯನ್ನ ಫುಲ್ ಲೋಡ್ ಹಾಕ್ಕೊಂಡು ಹತ್ತಿದಂಗೆ, ಆದ್ರೆ ಆ ಘಾಟಿಗೆ ಹದಿನಾಲ್ಕು ತಿರುವು ಮುಗಿದ್ರೆ ಮೇಲೆ ಊರು ಬರುತ್ತೆ, ಇದಕ್ಕೆ ಮೇಲೆ ಊರೇ ಇಲ್ಲ, ಹತ್ತುತ್ತಲೇ ಇರ್ಬೇಕು. ಘಾಟಿ ಗಾಡಿಗಳ ಇಂಜಿನ್ ಹೆಡ್ ನಾನು ದಿನಾ ನೋಡ್ತೀನಿ. ಬಯಲುಸೀಮೆ ಗಾಡಿಗೂ ಅದಕ್ಕೂ ವ್ಯತ್ಯಾಸ ಎಕ್ಸಾಸ್ಟ್ ವಾಲ್ವ್ ನೋಡಿದ ಕೂಡ್ಲೇ ಗೊತ್ತಾಗುತ್ತೆ, ಬಿಳಿಚಿಕೊಂಡಿರುತ್ತೆ, ಸೀಟ್ ಸುಟ್ಟಿರುತ್ತೆ, ಗ್ಯಾಸ್ಕೆಟ್ ಬೀಳೋಕೆ ತಯಾರಾಗಿರುತ್ತೆ. ಇಂಜಿನ್‌ನ ಸಾಯಿಸೋದು ಕಿಲೋಮೀಟರ್ ಅಲ್ಲ, ಬಿಸಿ.

ನಮ್ಮ ಹಳ್ಳಿ ಕಡೆ ಹಳೇ ಡೀಸೆಲ್ ಪಂಪ್‌ಸೆಟ್ ನೆನಪಿದ್ಯಾ, ದೊಡ್ಡ ಫ್ಲೈವೀಲು, ನಿಧಾನಕ್ಕೆ ಟಕ್ ಟಕ್ ಅಂತ ರಾತ್ರಿಯಿಡೀ ಅಡಿಕೆ ತೋಟಕ್ಕೆ ನೀರು ಎತ್ತುತ್ತಿತ್ತು. ಎಚ್‌ಪಿ ನೋಡಿದ್ರೆ ಐದೋ ಆರೋ, ತೂಕ ನೋಡಿದ್ರೆ ನಾಲ್ಕು ಜನ ಎತ್ತಬೇಕು. ಅದರ ಶಕ್ತಿ ಅಷ್ಟೂ ದಿನಪೂರ್ತಿ ಕೊಡೋಕಂತಲೇ ಮಾಡಿದ್ದು. ಈ ಲೈಕಮಿಂಗ್ ಅನ್ನೋದರ ಲೆಕ್ಕ ನೋಡಿದೆ, 5.2 ಲೀಟರ್‌ಗೆ ಬರೀ 150 ಎಚ್‌ಪಿ, ಅದೂ 2,700 ಆರ್‌ಪಿಎಂಗೆ. ನಮ್ಮ ಸ್ವಿಫ್ಟ್ 1.2 ಲೀಟರ್‌ಗೇ ಎಂಬತ್ತರ ಮೇಲೆ ಕೊಡುತ್ತೆ. ನೋಡೋಕೆ ಲೈಕಮಿಂಗ್ ದಡ್ಡ ಇಂಜಿನ್ ಅನ್ಸುತ್ತೆ, ನನ್ನ ಕಣ್ಣಿಗೆ ಅದು ಪಂಪ್‌ಸೆಟ್ ಜಾತಿ, ಮೈ ತುಂಬಾ ಕಸುವು ಇಟ್ಕೊಂಡು ಸ್ವಲ್ಪ ಸ್ವಲ್ಪ ಖರ್ಚು ಮಾಡೋದು. ಕಾರ್ ಇಂಜಿನ್ ಹಾಕೋದಾದ್ರೆ ಸರ್, ಅದು ಕೊಡೋ ಪವರ್ ಪೂರ್ತಿ ಹಿಂಡಬೇಡಿ. ನೂರ ಮೂವತ್ತು ಕೊಡೋದನ್ನ ಎಂಬತ್ತಕ್ಕೆ ಓಡಿಸಿ, ರೇಡಿಯೇಟರ್ ಲೆಕ್ಕಕ್ಕಿಂತ ದೊಡ್ಡದು ಹಾಕಿ.

ಇನ್ನೊಂದು ವಿಷಯ, ನಮ್ಮ ಜಿಪ್ಸಿ ಎಸ್ಟೀಮ್‌ನಲ್ಲಿ ಬರ್ತಿದ್ದ ಸುಜುಕಿ ಜಿ13 ಇಂಜಿನ್‌ನೂ ಹೊರದೇಶದಲ್ಲಿ ಸಣ್ಣ ವಿಮಾನಕ್ಕೆ ಹಾಕ್ತಾರೆ ಅಂತ ಗೊತ್ತಾದಾಗ ನಂಗೆ ತುಂಬಾ ಖುಷಿ ಆಯ್ತು. ಅದನ್ನ ಎಷ್ಟು ಬಿಚ್ಚಿದೀನೋ ಲೆಕ್ಕ ಇಲ್ಲ, ಒಳ್ಳೇ ಇಂಜಿನ್.

---

ರೈನ್_ತೀರದ_ಕನ್ನಡಿಗ

ಜರ್ಮನಿಯಿಂದ ಬರೀತಿದೀನಿ, ನಾನು ಹಾರೋದು ಕಲಿತಿದ್ದೇ ಕಾರ್ ಇಂಜಿನ್‌ನಲ್ಲಿ! ಡೈಮಂಡ್ ಕಂಪನಿಯ ಡಿಎ40 ಅನ್ನೋ ಸಣ್ಣ ಡೀಸೆಲ್ ವಿಮಾನ, ಅದರೊಳಗೆ ಇರೋದು ಮರ್ಸಿಡಿಸ್ ಎ ಕ್ಲಾಸ್ ಕಾರಿನ ಡೀಸೆಲ್ ಇಂಜಿನ್‌ನಿಂದ ಹುಟ್ಟಿದ್ದು. ಹಂಗಾಗಿ ಕಾರ್ ಇಂಜಿನ್ ವಿಮಾನಕ್ಕೆ ಆಗಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಆಗುತ್ತೆ, ಆದ್ರೆ ಅದಕ್ಕೆ ಎಷ್ಟು ಬೆಲೆ ಕೊಡ್ಬೇಕಾಯ್ತು ಅನ್ನೋದು ಇಲ್ಲಿ ಹೇಳ್ಬೇಕು.

ಥೀಲರ್ಟ್ ಅನ್ನೋ ಕಂಪನಿ 2002ರಲ್ಲಿ ಆ 1.7 ಲೀಟರ್ ಡೀಸೆಲ್‌ಗೆ ಸರ್ಟಿಫಿಕೇಟ್ ತಗೊಂಡಿತು, 135 ಎಚ್‌ಪಿ. ವಿಮಾನದ ಪೆಟ್ರೋಲ್ ಯುರೋಪಿನಲ್ಲಿ ಭಯಂಕರ ದುಬಾರಿ, ಇದು ಜೆಟ್ ಇಂಧನದಲ್ಲಿ ಗಂಟೆಗೆ 20 ಲೀಟರ್ ಆಸುಪಾಸಿನಲ್ಲಿ ಓಡುತ್ತೆ, ಅದಕ್ಕೆ ಟ್ರೇನಿಂಗ್ ಸ್ಕೂಲ್‌ಗಳು ಮುಗಿಬಿದ್ದು ತಗೊಂಡವು. ಇಂಜಿನ್ ಒಳ್ಳೇದೇ, ಗೇರ್‌ಬಾಕ್ಸ್ ಮಾತ್ರ 300 ಗಂಟೆಗೊಮ್ಮೆ ಬಿಚ್ಚಿ ಕಳಿಸ್ಬೇಕಿತ್ತು. ಇಂಜಿನ್ ಆಯಸ್ಸು ಮುಗಿದ್ರೆ ಓವರ್‌ಹಾಲ್ ಇಲ್ಲ, ಪೂರ್ತಿ ಬದಲಾಯಿಸೋದು. 2008ರಲ್ಲಿ ಕಂಪನಿನೇ ದಿವಾಳಿ ಆಯ್ತು, ಬಿಡಿಭಾಗ ಸಿಗದೆ ವಿಮಾನಗಳು ಹ್ಯಾಂಗರ್‌ನಲ್ಲಿ ಧೂಳು ಹಿಡ್ಕೊಂಡು ನಿಂತವು. ನಿಮ್ಮ ಪ್ರಶ್ನೆಗೆ ಇದೂ ಸೇರುತ್ತೆ ಅಂತ ನನ್ನ ಅನಿಸಿಕೆ. ಮಾರ್ಪಾಡು ಮಾಡಿ ಮಾರೋನು ಒಬ್ಬನೇ ಇದ್ದು ಅವನು ಅಂಗಡಿ ಮುಚ್ಚಿದ್ರೆ ಆ ಗೇರ್ ಯಾರು ಮಾಡ್ಕೊಡ್ತಾರೆ?

ಇನ್ನು ಹುಬ್ಬಳ್ಳಿ ಅಣ್ಣ ಕರೆಂಟ್ ಬಗ್ಗೆ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 2007ರ ಮಾರ್ಚ್‌ನಲ್ಲಿ ಇಲ್ಲೇ ಸ್ಪೈಯರ್ ಅನ್ನೋ ಊರಲ್ಲಿ, ಅದೇ ಥೀಲರ್ಟ್ ಇಂಜಿನ್ ಎರಡು ಇದ್ದ ಡೈಮಂಡ್ ಡಿಎ42 ವಿಮಾನ. ಬ್ಯಾಟರಿ ಇಳಿದೋಗಿತ್ತು, ಹೊರಗಿನ ಕರೆಂಟ್ ಕೊಟ್ಟು ಎರಡೂ ಇಂಜಿನ್ ಸ್ಟಾರ್ಟ್ ಮಾಡಿ ಟೇಕಾಫ್ ಮಾಡಿದ್ರು. ಚಕ್ರ ಮೇಲೆತ್ತೋ ಮೋಟಾರ್ ಕರೆಂಟ್ ಎಳೆದ ಕ್ಷಣ ವೋಲ್ಟೇಜ್ ಬಿತ್ತು, ಎರಡೂ ಇಂಜಿನ್‌ನ ಕಂಪ್ಯೂಟರ್‌ಗಳು ರೀಸೆಟ್ ಆದವು, ಎರಡೂ ಪ್ರೊಪೆಲರ್ ನಿಂತವು. ಎರಡು ಇಂಜಿನ್ ಇದ್ದೂ ಏನೂ ಉಪಯೋಗ ಆಗ್ಲಿಲ್ಲ, ಯಾಕಂದ್ರೆ ಇಂಜಿನ್‌ಗಳು ಎರಡೂ ಆರೋಗ್ಯವಾಗೇ ಇದ್ದವು, ಕೈ ಕೊಟ್ಟಿದ್ದು ಕರೆಂಟ್. ಆಮೇಲೆ ಕಂಪ್ಯೂಟರ್‌ಗಳಿಗೇ ಅಂತ ಪ್ರತ್ಯೇಕ ಬ್ಯಾಟರಿ ಬಂತು. ಡೈಮಂಡ್‌ನವರು ತಮ್ಮದೇ ಆಸ್ಟ್ರೋ ಕಂಪನಿಯಿಂದ ಮರ್ಸಿಡಿಸ್ 2 ಲೀಟರ್ ಇಂಜಿನ್ ಮೇಲೆ ಎಇ300 ಮಾಡಿದ್ರು, 2009ರಲ್ಲಿ ಸರ್ಟಿಫಿಕೇಟ್ ಬಂತು, ಅದರಲ್ಲಿ ನಾನು ಈಗಲೂ ಹಾರ್ತೀನಿ. ಕೂತಾಗ ಒಂದು ದಿನವೂ ಕಾರ್ ಇಂಜಿನ್ ಅಂತ ಭಯ ಆಗಿಲ್ಲ. ಆದ್ರೆ ಅದರ ಹಿಂದೆ ದೊಡ್ಡ ಕಂಪನಿಗಳ ದುಡ್ಡು, ವರ್ಷಗಳ ಟೆಸ್ಟು ಇದೆ.

---

ಮೈಸೂರು_ಟು_ಡೇಟನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಪಂಪ್‌ಸೆಟ್ ಮಾತು ಅಪ್ಪಂಗೆ ಓದಿ ಹೇಳಿದೆ, ನಮ್ಮ ತಾತನ ತೋಟದಲ್ಲೂ ಅಂಥದ್ದೇ ಇತ್ತಂತೆ, ಅರ್ಧ ಗಂಟೆ ಅದರ ಬಗ್ಗೆನೇ ಮಾತಾಡಿದ್ರು.

ಹುಬ್ಬಳ್ಳಿ ಸರ್, ಗೇರ್‌ಬಾಕ್ಸ್ ಅಂದ್ರಲ್ಲ, ಅದು ಬೇಕೇ ಬೇಕಾ? ಗೇರ್ ಇಲ್ದೇ ನೇರ ಪ್ರೊಪೆಲರ್ ಹಾಕೋ ಕಾರ್ವೇರ್, ಬೀಟಲ್ ಇಂಜಿನ್‌ಗಳು ಇವೆಯಲ್ಲ, ಅವು ಹೆಂಗೆ?

---

ಹುಬ್ಬಳ್ಳಿ_ಏರ್_ಮೆಕ್ಯಾನಿಕ್

ಛಲೋ ಪ್ರಶ್ನಿ. ಲೆಕ್ಕ ಹಾಕೋಣ. ಆರಡಿ ಪ್ರೊಪೆಲರ್ 2,700 ಆರ್‌ಪಿಎಂಗೆ ತಿರುಗಿದ್ರ ಅದರ ತುದಿ ಸೆಕೆಂಡಿಗೆ ಸುಮಾರು 260 ಮೀಟರ್ ಓಡ್ತದ. ಶಬ್ದದ ವೇಗ 340. ಅದನ್ನ 5,500ಕ್ಕ ತಿರುಗಿಸಿದ್ರ ತುದಿ 520 ದಾಟ್ತದ, ಬರೇ ಕೂಗಾಟ, ಎಳೆಯೂ ಶಕ್ತಿ ಇಲ್ಲ. ಈಗಿನ ಕಾರ್ ಇಂಜಿನ್ ಪವರ್ ಕೊಡೂದು ಆ 5,500 ಕಡೆಗೇ. ಅದಕ್ಕ ನಡುವ ಗೇರ್ ಬೇಕು.

ಗೇರ್ ಬಂದ್ರ ಟಾರ್ಷನಲ್ ವೈಬ್ರೇಶನ್ ಬಂತು, ತಿರುಚಾಟ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಗುದ್ದತದ. ಆ ಕಡೆ ಪ್ರೊಪೆಲರ್ ಭಾರ ಇರ್ತದ, ಅದು ಒಂದೇ ಸಮ ತಿರುಗ್ತೀನಿ ಅಂತದ. ನಡುವಿನ ಶಾಫ್ಟ್ ಸ್ಪ್ರಿಂಗ್ ಹಂಗ ತಿರುಚತದ ಬಿಡತದ. ಜೋಕಾಲಿ ತೂಗುವಾಗ ಸರಿಯಾದ ಹೊತ್ತಿಗೆ ಸಣ್ಣಗ ದೂಡಿದ್ರೂ ಮ್ಯಾಲೆ ಮ್ಯಾಲೆ ಹೋಗ್ತದಲ್ರೀ, ಹಂಗ ಯಾವುದೋ ಒಂದು ಆರ್‌ಪಿಎಂಗೆ ಗುದ್ದು ಮತ್ತ ತಿರುಚು ತಾಳ ಕೂಡಿದ್ರ ಹಲ್ಲು ಮುರೀತದ, ಶಾಫ್ಟ್ ಮುರೀತದ. ಇದು ಕಣ್ಣಿಗೆ ಕಾಣೂದಿಲ್ಲ, ಕೈಗೆ ಗೊತ್ತಾಗೂದಿಲ್ಲ. ಪ್ರೊಪೆಲರ್ ಬದಲಿ ಮಾಡಿದ್ರ ತಾಳ ಬದಲಿ ಆಗ್ತದ. ಅದಕ್ಕ ಇಂಜಿನ್, ಗೇರ್‌ಬಾಕ್ಸ್, ಪ್ರೊಪೆಲರ್ ಮೂರೂ ಬ್ಯಾರೆಯವರು ಯಾರೋ ನೂರಾರು ಗಂಟೆ ಹಾರಿಸಿದ ಜೋಡಿನೇ ತಗೋರಿ. ಕಾರ್ ಇಂಜಿನ್‌ಗಳೊಳಗ ನಾ ಅತೀ ಹೆದರೂದು ಇದಕ್ಕ.

ನೇರ ಪ್ರೊಪೆಲರ್ ಹಾಕಿದ್ರ ಈ ತಾಪತ್ರಯ ಬಾಳ ಕಡಿಮಿ. 1929ರಾಗ ಮಿನೆಸೋಟಾದ ಚೆರಿ ಗ್ರೋವ್ ಅನ್ನೋ ಸಣ್ಣ ಊರಾಗ ಪೀಟನ್‌ಪೋಲ್ ಅನ್ನಾಂವ ಫೋರ್ಡ್ ಮಾಡೆಲ್ ಎ ಕಾರಿನ ಇಂಜಿನ್ ಹಾಕಿ ಹಾರಿಸಿದ್ದ, ಆಗಿನ ಕಾರ್ ಇಂಜಿನ್ ನಿಧಾನ ತಿರುಗ್ತಿದ್ವು, ಗೇರ್ ಬೇಕಾಗಲಿಲ್ಲ. ಮುಂದ ಅವನೇ ಕಾರ್ವೇರ್ ಇಂಜಿನ್ನೂ ಹಾಕಿದ. ಕಾರ್ವೇರ್ ಆರು ಸಿಲಿಂಡರ್, ಗಾಳಿಗೆ ತಣ್ಣಗಾಗೂದು, ರೇಡಿಯೇಟರ್ ಇಲ್ಲ, ನೀರಿಲ್ಲ, ಹೋಸ್ ಇಲ್ಲ. ಇಲ್ಲದ ವಸ್ತು ಕೆಡೂದಿಲ್ಲ. ಆದ್ರ ಅದಕ್ಕೂ ತನ್ನ ರೋಗ ಇತ್ತು. ಕಾರಿನೊಳಗ ಕ್ರ್ಯಾಂಕ್ ತುದಿಗೆ ಕ್ಲಚ್ ಇರ್ತದ, ವಿಮಾನದಾಗ ಪ್ರೊಪೆಲರ್ ಜೋತು ಬೀಳತದ. ವಿಮಾನ ಮೂತಿ ತಿರುಗಿಸಿದಾಗೊಮ್ಮೆ ಪ್ರೊಪೆಲರ್ ಬುಗುರಿ ಹಂಗ ಹಟ ಮಾಡಿ ಕ್ರ್ಯಾಂಕನ್ನ ಬಗ್ಗಿಸ್ತದ. ಹಂಗ ಬಗ್ಗಿ ಬಗ್ಗಿ ಹಲವು ಕ್ರ್ಯಾಂಕ್ ಮುರದವು. ಆಮ್ಯಾಲೆ ಕ್ರ್ಯಾಂಕಿಗೆ ನೈಟ್ರೈಡಿಂಗ್ ಮಾಡಿ ಮೇಲ್ಮೈ ಗಟ್ಟಿ ಮಾಡಿದ್ರು, ಪ್ರೊಪೆಲರ್ ಕಡೆ ಐದನೇ ಬೇರಿಂಗ್ ಅಂತ ಒಂದು ಹೆಚ್ಚಿಗೆ ಕೂಡಸಿದ್ರು. ಈಗ ಕಾರ್ವೇರ್ ಹಾಕೋರು ಐದನೇ ಬೇರಿಂಗ್ ಇಲ್ಲದ ಹಾಕಬಾರದು ಅಂತ ನನ್ನ ಖಡಕ್ ಮಾತು. ಬೀಟಲ್‌ದೂ ಹಂಗ, 2,180 ಸಿಸಿ ಮಾಡಿ 80 ಎಚ್‌ಪಿ ತಗೀತಾರ, ಹಗುರ ವಿಮಾನಕ್ಕ ಛಲೋ, ಆದ್ರ ಅದರ ಹೆಡ್ ಸಣ್ಣದು, ಬಾಳ ಹೊತ್ತು ಜಗ್ಗಿದ್ರ ಕಾಯ್ತದ. ನಿಮ್ಮ 750ಕ್ಕ ಅದು ಸಾಲೂದಿಲ್ಲ.

---

ಜಕ್ಕೂರು_ಹಳೇ_ಕೈ

ನಾನು ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನಲ್ಲಿ ಮೈಕ್ರೋಲೈಟ್ ಅನ್ನೋ ಹಗುರ ವಿಮಾನ ಹಾರಿಸಿದವನು, ವಯಸ್ಸಾಯ್ತು, ಈಗ ಹಾರಿಸೋದು ನಿಲ್ಲಿಸಿದೀನಿ. ಕಾರ್ ಇಂಜಿನ್ ಹಾರಿಸಿಲ್ಲ, ರೋಟ್ಯಾಕ್ಸ್ ಟೂ ಸ್ಟ್ರೋಕ್ ಮತ್ತೆ 912 ಎರಡೂ ಹಾರಿಸಿದೀನಿ. ಆ ಸರ್ಟಿಫಿಕೇಟ್ ಇಲ್ಲದ ರೋಟ್ಯಾಕ್ಸ್‌ನ ಪುಸ್ತಕದಲ್ಲೇ ಬರೆದಿರ್ತಾರಪ್ಪ, ಈ ಇಂಜಿನ್ ಯಾವಾಗ ಬೇಕಾದ್ರೂ ನಿಲ್ಲಬಹುದು, ನಿಂತರೆ ಇಳಿಯೋಕೆ ಜಾಗ ಇಲ್ಲದ ಕಡೆ ಹಾರಬೇಡ ಅಂತ. ನಮ್ಮ ಗುರುಗಳು ಅದನ್ನ ಮೊದಲನೇ ದಿನ ಜೋರಾಗಿ ಓದಿಸಿದ್ರು. ಹೆಬ್ಬಾಳದ ಕಡೆ ಬಯಲು ಇದ್ದ ಕಾಲ ಅದು, ಆಮೇಲೆ ಮನೆಗಳು ಏಳ್ತಾ ಏಳ್ತಾ ಇಳಿಯೋ ಜಾಗ ಒಂದೊಂದೇ ಹೋಯ್ತು, ನಾನು ನಿಲ್ಲಿಸೋಕೆ ಅದೂ ಒಂದು ಕಾರಣ.

ಒಂದು ಸಲ ಮಳೆಗಾಲ, ಬಿಸಿಲಿಲ್ಲ, ಇಪ್ಪತ್ತು ಡಿಗ್ರಿ ಇತ್ತೇನೋ, ಇಳಿಯೋಕೆ ಅಂತ ಥ್ರಾಟಲ್ ಎಳೆದೆ, ಮತ್ತೆ ಕೊಟ್ರೆ ಇಂಜಿನ್ ಕೆಮ್ಮುತ್ತೆ, ಏಳ್ತಿಲ್ಲ. ಕಾರ್ಬ್ಯುರೇಟರ್‌ನಲ್ಲಿ, ಅಂದ್ರೆ ಪೆಟ್ರೋಲು ಗಾಳಿ ಬೆರೆಸೋ ಭಾಗದಲ್ಲಿ, ಐಸ್. ಬೆಂಗಳೂರಲ್ಲಿ ಐಸ್ ಅಂದ್ರೆ ಯಾರೂ ನಂಬಲ್ಲ, ಆದ್ರೆ ತೇವದ ಗಾಳಿ ಒಳಗೆ ಹೋಗಿ ಪೆಟ್ರೋಲ್ ಆವಿಯಾಗುವಾಗ ಅಷ್ಟು ತಣ್ಣಗಾಗುತ್ತೆ. ರನ್‌ವೇ ಮುಂದೇ ಇತ್ತು, ಇಳಿದೆ. ನೀನು ಕಾರ್ವೇರ್ ಹಾಕಿ ಕಾರ್ಬ್ಯುರೇಟರ್ ಇಟ್ಟರೆ ಅದಕ್ಕೆ ಬಿಸಿಗಾಳಿ ಕೊಡೋ ವ್ಯವಸ್ಥೆ ಮರೀಬೇಡ. ಕಾರ್ ಪೆಟ್ರೋಲ್ ಹಾಕ್ತೀಯ ಅಂದ್ರೆ ಎಥನಾಲ್ ಎಷ್ಟಿದೆ ನೋಡ್ಕೋ, ನಿನ್ನ ಪೈಪು, ಸೀಲು, ಟ್ಯಾಂಕಿಗೆ ಬಳಿದ ಸೀಲಂಟು ಅದನ್ನ ತಡ್ಕೊಳ್ಳುತ್ತಾ ಅಂತ ಕಟ್ಟೋಕೆ ಮುಂಚೆ ಕೇಳು. ಬೇಸಿಗೆಯಲ್ಲಿ ಬಿಸಿ ಇಂಜಿನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಹೊರಟರೆ ಪೈಪಿನಲ್ಲೇ ಪೆಟ್ರೋಲ್ ಕುದ್ದು ಆವಿ ಕಟ್ಟಿಕೊಂಡಿರುತ್ತೆ, ಅದು ಟೇಕಾಫ್‌ನಲ್ಲೇ ಕೈ ಕೊಡೋದು.

ಇನ್ನು ಮಗನ ವಿಷಯ. ನಿಮ್ಮ ಅಮೆರಿಕದ ರೂಲ್ ಪ್ರಕಾರ ಸರ್ಟಿಫೈಡ್ ಇಂಜಿನ್ ಪ್ರೊಪೆಲರ್ ಜೋಡಿ ಇದ್ದರೆ ಮಾಮೂಲಿಯಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಪ್ಯಾಸೆಂಜರ್ ಇಲ್ಲದೆ ಟೆಸ್ಟ್ ಹಾರಾಟ. ನಾನು ಹೇಳ್ತೀನಿ, ನಿನ್ನದಕ್ಕೆ ನೂರು ಗಂಟೆ ಮಾಡು. ಮೊದಲು ನೆಲದ ಮೇಲೆ ಬಾಲ ಕಟ್ಟಿಹಾಕಿ, ಏರುವಾಗ ಇರೋ ಹಂಗೆ ಮೂತಿ ಎತ್ತಿ ಇಟ್ಟು ಫುಲ್ ಥ್ರಾಟಲ್‌ನಲ್ಲಿ ಪೆಟ್ರೋಲ್ ಎಷ್ಟು ಬರುತ್ತೆ ಅಳೆದು ನೋಡು, ಇಂಜಿನ್ ಕುಡಿಯೋದಕ್ಕಿಂತ ಒಂದೂವರೆ ಪಟ್ಟು ಬರಬೇಕು. ಬಿಸಿ ಮಧ್ಯಾಹ್ನದಲ್ಲಿ ಓಡಿಸು, ತಣ್ಣನೆ ಬೆಳಿಗ್ಗೆ ಅಲ್ಲ. ಪ್ರತಿ ಹತ್ತು ಗಂಟೆಗೆ ಎಣ್ಣೆ ಬದಲಾಯಿಸಿ ಫಿಲ್ಟರ್ ಕತ್ತರಿಸಿ ಬಿಚ್ಚಿ ಲೋಹದ ಚೂರು ಇದೆಯಾ ನೋಡು. ಆ ನೂರು ಗಂಟೆ ನಿನ್ನ ಮಗ ನೆಲದ ಮೇಲೆ ನಿಂತು ಲಾಗ್ ಬರೀಲಿ, ಅದೂ ಹಾರೋದೇ.

---

ಮೈಸೂರು_ಟು_ಡೇಟನ್

ಸರ್, ನಿಮ್ಮ ಮಾತು ಮಗನಿಗೆ ತೋರಿಸಿದೆ. ಮೊದ್ಲು ಮುಖ ಸಣ್ಣ ಮಾಡ್ಕೊಂಡ, ಆಮೇಲೆ ಹೋಗಿ ಒಂದು ನೋಟ್‌ಬುಕ್ ತಂದು ಕಾಲಂ ಎಳೀತಾ ಕೂತ, ಎಣ್ಣೆ ಬಿಸಿ, ಹೆಡ್ ಬಿಸಿ, ವೋಲ್ಟೇಜ್ ಅಂತ.

ನಾನು ಒಂದು ತೀರ್ಮಾನಕ್ಕೆ ಬಂದೆ. ಹೋಂಡಾ ಬಿಟ್ಟೆ. ಅದು ಕೆಟ್ಟದು ಅಂತ ಅಲ್ಲ, ಗೇರ್, ನೀರು, ಕಂಪ್ಯೂಟರ್, ಪಂಪ್ ಇಷ್ಟೂ ಒಟ್ಟಿಗೆ ನೋಡ್ಕೊಳ್ಳೋ ಅನುಭವ ನಂಗಿಲ್ಲ. ಕಾರ್ವೇರ್, ಐದನೇ ಬೇರಿಂಗ್ ಸಮೇತ, ಇದೇ ಝೆನಿತ್ 750ಕ್ಕೆ ಬೇರೆಯವರು ಹಾಕಿ ಹಾರಿಸಿರೋ ಪ್ರೊಪೆಲರ್ ಜೊತೆಗೇ. ರೆಕ್ಕೆ ಮೇಲೆ ಇರೋದ್ರಿಂದ ಪೆಟ್ರೋಲ್ ತಾನಾಗೇ ಕೆಳಗೆ ಇಳಿಯುತ್ತೆ, ಪಂಪ್ ಮೇಲೆ ನಂಬಿಕೆ ಇಡ್ಬೇಕಾಗಿಲ್ಲ, ಅದೇ ನಂಗೆ ಹೆಚ್ಚು ಸಮಾಧಾನ ಕೊಟ್ಟಿದ್ದು. ಇಂಜಿನ್ ರೋಟ್ಯಾಕ್ಸ್‌ಗಿಂತ ಭಾರ, ತೂಕದ ಲೆಕ್ಕ ಮತ್ತೆ ಹಾಕ್ತಾ ಇದೀನಿ.

ಹುಬ್ಬಳ್ಳಿ ಸರ್, ವೈರಿಂಗ್ ಶುರು ಮಾಡೋದು ಚಳಿಗಾಲ ಆದ್ಮೇಲೆ. ಪ್ರತಿ ಕ್ರಿಂಪ್ ಎಳೆದು ನೋಡಿ ಫೋಟೋ ಹಾಕ್ತೀನಿ, ಬಯ್ಯೋದಿದ್ರೆ ಆಗಲೇ ಬಯ್ದುಬಿಡಿ.

---

ಹುಬ್ಬಳ್ಳಿ_ಏರ್_ಮೆಕ್ಯಾನಿಕ್

ಹಾಕ್ರಿ, ಒಂದೊಂದೂ ನೋಡ್ತೀನಿ. ಕ್ರಿಂಪ್ ಮಾಡೂ ಉಪಕರಣ ಅಗ್ಗದ್ದು ತರಬ್ಯಾಡ್ರಿ, ಹಲ್ಲು ಪೂರ್ತಿ ಕಚ್ಚೂ ತನಕ ಬಿಡದ ರ‍್ಯಾಚೆಟ್ ಇರೋದು ತರ್ರಿ.